ನೀಲಿ ನೀರಿಗೆ ಕಡಲೆಕಾಯಿ ಸಿಪ್ಪೆ

“ಇನ್ನೊಂದೇ ಹಿಡಿ ಅಜ್ಜಿ. ಪ್ರಾಜೆಕ್ಟ್‌ಗೆ ಸಿಪ್ಪೆ ಸಾಲಲ್ಲ.”

ಮೂರು ದಿನದಿಂದ ಮನೆಮಂದಿಯೆಲ್ಲ ಕಡಲೆಕಾಯಿ ತಿಂದು ಸುಸ್ತಾಗಿದ್ದರು. ಅಣ್ಣನ ಹೊಟ್ಟೆ ಡೋಲಾಗಿತ್ತು. ತನಗಿರುವುದೇ ಆರು ಹಲ್ಲು, ಅವೂ ರಜೆ ಕೇಳುತ್ತಿವೆ ಎಂದು ಅಜ್ಜಿ ಗೊಣಗಿದಳು. ಆದರೆ ಮೊಮ್ಮಗಳ ಎದುರು ಯಾರ ಮಾತು ನಡೆದೀತು? ಚಟಪಟ ಸಿಡಿಯುತ್ತಾಳೆಂದೇ ಅವಳಿಗೆ ಸಾಸಿವೆ ಎಂಬ ಹೆಸರು ಬಿದ್ದಿತ್ತು.

ಅಪ್ಪನದು ಕಬ್ಬಿಣದ ಚಿಲಕ, ಹಿಡಿಕೆಗಳಿಗೆ ತಾಮ್ರದ ಲೇಪ ಹಾಕುವ ಕೆಲಸ. ಲೇಪವಾದ ಮೇಲೆ ಅವನ್ನು ತೊಳೆದ ನೀರು ತಿಳಿನೀಲಿ; ನೋಡಲು ಚೆಂದ, ಕುಡಿದರೆ ವಿಷ. ಅದರಲ್ಲಿರುವ ತಾಮ್ರವನ್ನು ಕಡಲೆಕಾಯಿ ಸಿಪ್ಪೆ ಹಿಡಿದುಕೊಳ್ಳುತ್ತದೆ ಎಂದು ಟೀಚರ್ ಹೇಳಿದ್ದರು. ನಾಳೆ ಕ್ಲಾಸಿನಲ್ಲಿ ತೋರಿಸಬೇಕು. ಹೋದ ಸಲ ಸಾಸಿವೆ ಮಾಡಿದ ಜ್ವಾಲಾಮುಖಿ ಹೆಡ್‌ಮಾಸ್ಟರರ ಅಂಗಿಯ ಮೇಲೆ ಉಕ್ಕಿತ್ತು. ಈ ಸಲವೂ ಕೆಟ್ಟರೆ ತಲೆಯೆತ್ತುವಂತಿಲ್ಲ.

ಕೈಗವಸು ತೊಟ್ಟು, ಕುಟ್ಟಿದ ಸಿಪ್ಪೆಯನ್ನು ಅಪ್ಪ ಬಾಟಲಿಯಲ್ಲಿ ತಂದುಕೊಟ್ಟ ನೀಲಿ ನೀರಿಗೆ ಸುರಿದಳು. ಸಂಜೆಗೆ ನೀಲಿ ಹೋಗಿ ನೀರು ಕಂದಾಗಿತ್ತು.

“ಟೀ ಚೆನ್ನಾಗಿದೆ. ಸಕ್ಕರೆ ಸ್ವಲ್ಪ ಕಮ್ಮಿ ಅನ್ಸುತ್ತೆ,” ಎಂದ ಅಣ್ಣ.

ಸಾಸಿವೆ ಸಿಡಿಯಲಿಲ್ಲ. ಅಳು ಬಂದಿತ್ತು.

ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದ. “ಚಿಲಕಾನ ಚೆನ್ನಾಗಿ ತೊಳೀದೆ ನಾನು ಲೇಪ ಹಾಕ್ತೀನೇನಮ್ಮಾ? ಸಿಪ್ಪೆ ತೊಳೆದ್ಯಾ?”

ತೊಳೆದಿರಲಿಲ್ಲ. ಉಳಿದ ಸಿಪ್ಪೆಯನ್ನು ಬಣ್ಣ ಬಿಡುವುದು ನಿಲ್ಲುವ ತನಕ ತೊಳೆದು, ಒಣಗಿಸಿ, ಹೊಸ ನೀಲಿ ನೀರಿಗೆ ಹಾಕಿದಳು. ಬೆಳಿಗ್ಗೆ ಸೋಸಿದಾಗ ನೀರಿನಲ್ಲಿ ನೀಲಿ ಇದೆಯೋ ಇಲ್ಲವೋ ಎಂಬಷ್ಟೇ ಉಳಿದಿತ್ತು. ಅವಳು ಮನೆ ತುಂಬ ಕುಣಿದಳು.

ಅಜ್ಜಿಗೆ ಏನನ್ನೂ ಬಿಸಾಡಿ ಗೊತ್ತಿಲ್ಲ. ಸೋಸಿದ ಸಿಪ್ಪೆಯನ್ನು ತಟ್ಟೆಗೆ ಹಾಕಿ ಪಕ್ಕದ ಮನೆಯ ಆಡಿನ ಮುಂದಿಡಲು ಹೋದಳು.

“ಅಜ್ಜಿ, ಬೇಡ. ನೀರಲ್ಲಿದ್ದ ತಾಮ್ರ ಎಲ್ಲಾ ಈಗ...” ಓಡುತ್ತಲೇ ಸಾಸಿವೆಗೆ ಹೊಳೆಯಿತು. “ಈಗ ಅದರಲ್ಲೇ ಇದೆ.”

ಅಜ್ಜಿ ತಟ್ಟೆ ಎತ್ತಿಕೊಂಡಳು. ಆಡು ಬಿಡಬೇಕಲ್ಲ? ಮುಂಗಾಲೆತ್ತಿ ಅವಳ ಮೇಲೇ ಬಂತು. ಕೂಗಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಲೆಗೆ ಹೊರಟಿದ್ದ ಸಾಸಿವೆ ಮೂರು ದಿನ ಕೂತು ಬರೆದ ಚಾರ್ಟ್ ಅವಳ ಕಂಕುಳಲ್ಲಿತ್ತು. ಒಂದು ಗಳಿಗೆ ಅದನ್ನು ನೋಡಿದಳು. ಆಮೇಲೆ ಆಡಿನ ಬಾಯಿಗೆ ಕೊಟ್ಟಳು.

ಆಡು ತಲೆಬರಹದಿಂದ ಶುರು ಮಾಡಿತು.

ಕ್ಲಾಸಿನಲ್ಲಿ ಚಾರ್ಟ್ ಎಲ್ಲಿ ಎಂದು ಟೀಚರ್ ಕೇಳಿದರು. ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಮಕ್ಕಳು ಬೆಂಚು ಬಡಿದು ನಕ್ಕರು. ನಗು ಇಳಿದ ಮೇಲೆ ಬಾಟಲಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ತಿಳಿನೀರನ್ನೇ ನೋಡಿ ಚಪ್ಪಾಳೆ ತಟ್ಟಿದರು.

ಸಾಸಿವೆ ಮಾತ್ರ ತೊಡೆಯ ಮೇಲಿದ್ದ, ಸೋಸಿದ ಸಿಪ್ಪೆಯ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತಿದ್ದಳು.