ಎಂಟು ಗೆರೆಯ ಆಳು

ಬೇಸಿಗೆ ಏರುತ್ತಿತ್ತು. ಕಾಡಂಚಿನ ಒಣಹುಲ್ಲು ಕೊಯ್ಯುವ ಕೆಲಸ ನಡೆದಿತ್ತು. ನಾನು ಬೆಂಕಿ ಕಾಯುವ ಅಟ್ಟಣೆಯ ಮೇಲಿದ್ದೆ. ನನ್ನ ದುರ್ಬೀನಿನ ಗಾಜಿನಲ್ಲಿ ಸಣ್ಣ ಗೆರೆಗಳಿವೆ. ಆಳು ಹತ್ತಿರವಾದಷ್ಟೂ ಹೆಚ್ಚು ಗೆರೆ ತುಂಬುತ್ತಾನೆ; ಅದನ್ನು ಎಣಿಸಿ ದೂರ ಹೇಳುತ್ತೇನೆ. ಹತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಲ್ಲ.

ಅಕ್ಕನ ಗಂಡನಿಗೆ ಮಾತ್ರ ನಂಬಿಕೆಯಿಲ್ಲ. "ತಪ್ಪಿದ್ರೆ ದುರ್ಬೀನು ನಂಗೆ. ಸರಿಯಿದ್ರೆ ಎಲ್ಲರೆದುರು ನಿಂಗೆ ಕೈ ಮುಗೀತೀನಿ," ಎಂದು ಅಳತೆಪಟ್ಟಿ ಎಳೆದುಕೊಂಡು ಗಡಿಕಲ್ಲಿನವರೆಗೆ ಹೋದರು. ಅಲ್ಲಿ ನಿಂತಾಗ ನಾಲ್ಕು ಗೆರೆ ತುಂಬಿದರು.

"ನಾನೂರ ಇಪ್ಪತ್ತೈದು ಮೀಟರ್," ಎಂದು ಫೋನಿನಲ್ಲಿ ಹೇಳಿದೆ.

"ಅಯ್ಯೋ ಮಾರಾಯ, ಸರಿಯಾಗೇ ಇದೆ!"

"ನಡುದಾರೀಲಿ ನಿಂತಿರೋನು ಯಾರು, ಭಾವ? ಎಂಟು ಗೆರೆ ತುಂಬಿದಾನೆ. ಅಂದ್ರೆ ಅರ್ಧ ದೂರ."

"ಯಾರೂ ಇಲ್ವಲ್ಲೋ. ಈಗಷ್ಟೇ ಅಲ್ಲಿಂದಲೇ ಬಂದೆ."

ದುರ್ಬೀನು ಇಳಿಸಿದರೆ ಬರೀ ಹುಲ್ಲು. ಕಣ್ಣಿಗೆ ಹಚ್ಚಿದರೆ ಅವನಿದ್ದ. ಗಾಳಿಗೆ ಹುಲ್ಲೆಲ್ಲ ಬಾಗಿದರೂ ಅವನ ಅಂಗಿ ಅಲುಗಲಿಲ್ಲ. ಆ ಉರಿಬಿಸಿಲಲ್ಲೂ ದುರ್ಬೀನು ಹುಬ್ಬಿಗೆ ತಣ್ಣಗೆ ತಾಗಿತು.

ಮರಳಿ ಬರುವಾಗ ಭಾವ ಅವನ ಪಕ್ಕಕ್ಕೇ ಬಂದರು. ಇಬ್ಬರೂ ಎಂಟೇ ಗೆರೆ, ಹೆಗಲಿಗೆ ಹೆಗಲು. ಭಾವ ತೋಳು ಉಜ್ಜಿಕೊಂಡರು, ಆಮೇಲೆ ಓಡತೊಡಗಿದರು.

ಸಂಜೆ ಎಲ್ಲರೆದುರು ಕೈ ಮುಗಿದರು.

"ನಡುದಾರೀಲಿ ನಿಂತೋನ ದೂರಾನೂ ಅಳೆದುಬಿಡಿ ಭಾವ," ಎಂದೆ.

"ಅದೊಂದು ಬಿಟ್ಟು ಬೇರೇನಾದ್ರೂ ಕೇಳು."

ಆ ಅಳತೆ ಇನ್ನೂ ಬಾಕಿಯಿದೆ. ಈಚೆಗೆ ಅವನು ಹದಿನೇಳು ಗೆರೆ ತುಂಬುತ್ತಾನೆ. ಅಂದರೆ ನೂರು ಮೀಟರ್. ಬೇಕಾದವರು ಪಟ್ಟಿ ಹಿಡಿದು ನೋಡಬಹುದು.