ಕೊಸರಿಲ್ಲದ ಮೊಸರು

ಆ ಬೆಳಿಗ್ಗೆ ಕುದೂರಿನ ಮೇಲೆ ಎಂಥಾ ಮಂಜು ಕವಿದಿತ್ತೆಂದರೆ, ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಮಾಗಡಿ ಬಸ್ಸು ಮೊದಲು ಕೇಳಿಸಿತು, ಆಮೇಲೆ ಕಾಣಿಸಿತು. ಎರಡು ಸಾವಿರದ ಏಳನೇ ಇಸವಿಯ ಡಿಸೆಂಬರ್. ಅವರೆಕಾಯಿಯ ಸೊಗಡು ಮಂಜಿನೊಳಗೇ ಸೇರಿಕೊಂಡು ಬೀದಿಯುದ್ದಕ್ಕೂ ಹಬ್ಬಿತ್ತು.

ಆ ಮಂಜಿನೊಳಗಿಂದ ಅವನು ಬಂದ. ಎದೆಯ ಮೇಲೆ ಕಂಪನಿಯ ಗುರುತಿನ ಚೀಟಿ, ಕಂಕುಳಲ್ಲಿ ಕಾಗದದ ಕಟ್ಟು. ಬಸವಲಿಂಗಮ್ಮನ ಮೊಸರಂಗಡಿ ಮುಂದೆ ನಿಂತು, ಕೈ ಕೂಡ ಮುಗಿಯದೆ, ಕಾಗದ ನೋಡಿಕೊಂಡು ಕೇಳಿಯೇಬಿಟ್ಟ.

"ಅಮ್ಮಾ, ನಿಮ್ಮ ಮನೇಲಿ ವಾರಕ್ಕೆ ಎಷ್ಟು ಅನ್ನ, ಸಾರು ಬಿಸಾಡ್ತೀರಾ?"

ಮೊಸರು ಅಳೆಯುತ್ತಿದ್ದ ಬಸವಲಿಂಗಮ್ಮನ ಸೌಟು ಗಾಳಿಯಲ್ಲೇ ನಿಂತಿತು...

ಆ ಮನೆಯಲ್ಲಿ ಅನ್ನವೆಂದರೆ ಪ್ರಸಾದ. ಉಂಡ ತಟ್ಟೆಯನ್ನು ತೊಳೆದು, ಆ ನೀರನ್ನೂ ಕುಡಿದು ಏಳುವವರು ಅವರು. ಒಂದು ಅಗುಳು ನೆಲಕ್ಕೆ ಬಿದ್ದರೆ ಕಣ್ಣಿಗೊತ್ತಿಕೊಂಡು "ಶಿವನೇ" ಅನ್ನುವ ಹೆಂಗಸಿಗೆ ಇಂಥ ಮಾತು!

"ಯಾರಪ್ಪಾ ನೀನು? ಬೆಳಗಾಗೆದ್ದು ನನ್ನ ಬಯ್ಯಕ್ಕೆ ಅಂತ್ಲೇ ಬಸ್ ಹತ್ಕಂಡು ಬಂದ್ಯಾ?"

ಒಳಗಿಂದ ಮಗಳು ರಕ್ಷಿತಾ ದಡಬಡನೆ ಬಂದಳು. ಡಿಗ್ರಿ ಮುಗಿಸಿ ತಾಯಿಯ ಜೊತೆ ಅಂಗಡಿಗೆ ನಿಂತವಳು. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

"ಏನ್ರೀ, ಕೊರಳಲ್ಲಿ ಶಿವದಾರ ಕಾಣ್ತೈತೆ. ನಿಮ್ಮ ಮನೇಲಿ ಬಿಸಾಡ್ತಾರಾ?"

ಅವನ ಮುಖ ಕೆಂಪಾಯಿತು. "ಕಂಪನಿಯವ್ರು ಬರ್ಕೊಟ್ಟ ಪ್ರಶ್ನೆ ಕಣ್ರೀ... ನಮ್ಮವ್ವನ್ನ ಇದೇ ಮಾತು ಕೇಳಿದ್ದಿದ್ರೆ ಪೊರಕೆ ತಗಂಡಿರೋಳು."

ರಕ್ಷಿತಾಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು. 'ನಗಬಾರದು... ಈಗ ನಕ್ಕರೆ ಸೋತ ಹಾಗೆ!'

ಅವನ ಹೆಸರು ವೀರೇಂದ್ರ. ಕನಕಪುರದ ಕಡೆಯವನು. ಹಾರೋಹಳ್ಳಿಯಲ್ಲಿ ಹೊಸದಾಗಿ ಎದ್ದ ಪ್ಯಾಕಿಂಗ್ ಕಂಪನಿಯೊಂದರಲ್ಲಿ ಆರು ತಿಂಗಳ ತಾತ್ಕಾಲಿಕ ಕೆಲಸ. ಚೀಲದಿಂದ ಮೊಸರು ತುಂಬುವ ಒಂದು ಪ್ಯಾಕೆಟ್ ತೆಗೆದು ತೋರಿಸಿದ. ಮೇಲೆ ಕುಂಕುಮದ ಬೊಟ್ಟಿನಷ್ಟು ಹಸಿರು ಚುಕ್ಕಿ.

"ಇದು ಹಸಿರಾಗಿದ್ರೆ ತಿನ್ನಬೋದು, ಕೆಂಪಾದ್ರೆ ಕೆಟ್ಟೈತೆ ಅಂತ. ತಾರೀಕು ನೋಡಿ ಹೆದ್ರಿ ಒಳ್ಳೇದನ್ನೂ ಚೆಲ್ಲೋದು ತಪ್ತದೆ. ಪ್ಯಾಕೆಟ್ಟಿಗೆ ಎರಡು ರೂಪಾಯಿ ಜಾಸ್ತಿ. ಜನ ಕೊಡ್ತಾರಾ ಅಂತ ನೂರು ಮನೆ ಕೇಳ್ಬೇಕು."

"ಕೆಟ್ಟೈತೋ ಇಲ್ವೋ ನೋಡಕ್ಕೆ ಶಿವ ಮೂಗು ಕೊಟ್ಟವ್ನಲ್ಲಪ್ಪಾ," ಎಂದಳು ಬಸವಲಿಂಗಮ್ಮ. ಅಷ್ಟರಲ್ಲಿ ಅವನ ಒಣಗಿದ ತುಟಿ ಕಂಡಿತು. ಒಳಗೆ ಹೋಗಿ ಸ್ಟೀಲ್ ಡಬ್ಬಿಯ ತುಂಬ ಅಕ್ಕಿರೊಟ್ಟಿ, ಹಿತಕಿದ ಬೇಳೆ ತುಂಬಿ ತಂದಳು. "ತಗ. ಬಯ್ದು ಉಪವಾಸ ಕಳಿಸ್ಬಾರ್ದು. ಡಬ್ಬಿ ಮಾತ್ರ ಮರೀದಂಗೆ ತಂದ್ಕೊಡು."

ಉತ್ತರಗಳಿಗೆ ಗುರುತು ಹಾಕಲು ಊರಿನವರೊಬ್ಬರು ಜೊತೆಗೆ ಬೇಕಿತ್ತು. ರಕ್ಷಿತಾ ಒಪ್ಪಿದಳು. 'ಪಾಪ, ಒಬ್ಬನೇ ಹೋದರೆ ಪಕ್ಕದ ಬೀದಿ ಹನುಮಂತಮ್ಮನ ಮನೆಯಲ್ಲಿ ನಿಜವಾಗಿಯೂ ಪೊರಕೆಯೇ ಗತಿ,' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮನಸ್ಸು ನಂಬಲಿಲ್ಲ, ಆ ಮಾತು ಬೇರೆ.

ಅವನು ಕೇಳುತ್ತಿದ್ದ. ಅವಳು ಗುರುತು ಹಾಕುತ್ತಿದ್ದಳು.

"ತಗೊಳಣ ಬುಡಪ್ಪಾ, ಅದ್ಕೇನಂತೆ! ಮೊದ್ಲು ಒಸಿ ಕಾಪಿ ಕುಡಿ," ಅಂದಳು ಹನುಮಂತಮ್ಮ.

ರಕ್ಷಿತಾಳ ಪೆನ್ನು ನಿಂತಿತು. ಮನೆ ಬಾಗಿಲಿಗೆ ಬಂದವನ ಮುಖಕ್ಕೆ 'ಬೇಡ' ಅನ್ನುವ ಹೆಂಗಸು ಕುದೂರಿನಲ್ಲಿ ಇನ್ನೂ ಹುಟ್ಟಿಲ್ಲ. ಇದು ಮರ್ಯಾದೆಯ ಹೂಂ, ಕೊಳ್ಳುವ ಹೂಂ ಅಲ್ಲ! ಹೇಳಬೇಕು... ಸಂಜೆ ಹೇಳೋಣ ಎಂದುಕೊಂಡಳು.

ಸಂಜೆ ಅರಳಿಕಟ್ಟೆಯ ಬಳಿ ಅವನೇ ಮೊದಲು ಬಾಯಿಬಿಟ್ಟ.

"ನೂರರಲ್ಲಿ ಎಂಬತ್ತು ಮನೆ 'ಖಂಡಿತ' ಅಂದ್ರೆ ನನ್ನ ಕೆಲಸ ಕಾಯಂ ರಕ್ಷಿತಾ ಅವ್ರೇ. ಕಾಯಂ ಆದ್ರೆ... ಅವ್ವನ್ನ ಕರ್ಕೊಂಡು ಬತ್ತೀನಿ."

"ಎಲ್ಲಿಗೆ?"

"ನಿಮ್ಮ ಮನೆಗೆ... ಡಬ್ಬಿ ವಾಪಸ್ ಕೊಡಕ್ಕೆ."

ಒಂದು ಡಬ್ಬಿ ಕೊಡಲು ಯಾರಾದರೂ ಅವ್ವನನ್ನು ಕರೆತರುತ್ತಾರಾ!  ಹೇಳಬೇಕೆಂದಿದ್ದ ಮಾತನ್ನು ರಕ್ಷಿತಾ ಬಾಯಿಗೆ ತರಲಿಲ್ಲ.

ಮರುದಿನದಿಂದ ಯಾರ ಮರ್ಯಾದೆಯ ಹೂಂಗೂ ಪೆನ್ನು ನಿಲ್ಲಲಿಲ್ಲ. ಖಂಡಿತ, ಖಂಡಿತ, ಖಂಡಿತ... ಹನ್ನೆರಡು ದಿನದಲ್ಲಿ ಎಂಬತ್ತಾರು ಮನೆ!

ಸಂಕ್ರಾಂತಿ ಕಳೆಯುತ್ತಲೇ ಕಂಪನಿ ಕುದೂರನ್ನೇ ಪರೀಕ್ಷೆಗೆ ಆರಿಸಿತು. ಮೊದಲ ಅಂಗಡಿ ಬಸವಲಿಂಗಮ್ಮನದು. ಕರಾರು ಇಷ್ಟೇ. ಯುಗಾದಿವರೆಗೆ ಸೌಟಿನಲ್ಲಿ ಅಳೆದು ಮಾರುವಂತಿಲ್ಲ, ಎಲ್ಲ ಮೊಸರನ್ನೂ ಕಂಪನಿ ಕೊಡುವ ಚುಕ್ಕಿಯ ಪ್ಯಾಕೆಟ್ಟಿನಲ್ಲೇ ತುಂಬಿ ಮಾರಬೇಕು. ಬಸವಲಿಂಗಮ್ಮ ಮಗಳ ಮುಖ ನೋಡಿದಳು. ಅದರಲ್ಲಿ ಏನು ಕಂಡಳೋ, ಸುಮ್ಮನೆ ಸಹಿ ಹಾಕಿದಳು.

ಮೊದಲ ದಿನವೇ ಹನುಮಂತಮ್ಮ ಎಂದಿನಂತೆ ಚೊಂಬು ಹಿಡಿದು ಬಂದಳು. ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿದಳು.

"ಅಲ್ಲ ಕಣವ್ವಾ... ಇದ್ರಾಗೆ ಕೊಸರು ಎಲ್ಲೈತೆ?"

 ಅಳತೆಯ ಮೊಸರು ಹಾಕಿದ ಮೇಲೆ ಅರ್ಧ ಸೌಟು ಪುಕ್ಕಟೆಯಾಗಿ ಸುರಿಯುವುದು, "ಮನೇಲಿರೋ ಮಗಿಗೆ ಉಣ್ಸವ್ವ" ಎನ್ನುವುದು, ಇಪ್ಪತ್ತು ವರ್ಷದಿಂದ ನಡೆದುಬಂದ ಪದ್ಧತಿ. ಬಾಯಿ ಬೆಸೆದ ಪ್ಯಾಕೆಟ್ಟಿಗೆ ಕೊಸರು ಎಲ್ಲಿಂದ ಹಾಕುವುದು?

"ನಾಳೆ ತಗೊಳಣ ಬುಡು," ಎಂದು ಹನುಮಂತಮ್ಮ ಖಾಲಿ ಚೊಂಬಿನೊಂದಿಗೆ ಹೊರಟಳು. ಹಿಂದೆ ಬಂದ ಎದುರುಮನೆ ಕೆಂಚಮ್ಮ ಇನ್ನೂ ಜೋರು. "ಎರಡು ರೂಪಾಯಿ ಜಾಸ್ತಿ ಕೊಟ್ಟು ಚುಕ್ಕಿ ನೋಡ್ಕಂಡು ಕೂರಕ್ಕೆ ಇದೇನು ಟೀವಿನೇನಮ್ಮಿ?"

ಮೊದಲ ದಿನ ಉಳಿದದ್ದನ್ನು ಬಸವಲಿಂಗಮ್ಮ ಕಡೆದು ಬೆಣ್ಣೆ ತೆಗೆದಳು. ಎರಡನೇ ದಿನದ್ದನ್ನು ಕೇರಿಗೆಲ್ಲ ಮಜ್ಜಿಗೆ ಮಾಡಿ ಹಂಚಿದಳು. ಮೂರನೇ ದಿನದ್ದನ್ನು ಹಸುವಿನ ಕಲಗಚ್ಚಿಗೆ ಸುರಿದಳು. ನಾಲ್ಕನೇ ದಿನ ಹಸುವೂ ಮೂತಿ ತಿರುಗಿಸಿತು! ಪ್ಯಾಕೆಟ್ಟುಗಳ ಮೇಲೆ ಚುಕ್ಕಿಗಳು ಒಂದೊಂದಾಗಿ ಕೆಂಪಾದವು.

ಅಂದು ಬಸವಲಿಂಗಮ್ಮ ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದಳು. ಎರಡು ಬಕೆಟ್ ಮೊಸರನ್ನು ತಿಪ್ಪೆಗೆ ಸುರಿದಳು. ಸುರಿದು, ಅಲ್ಲೇ ಕುಸಿದು ಕೂತು ಕೆನ್ನೆ ಕೆನ್ನೆ ಬಡಿದುಕೊಂಡಳು. "ಶಿವನೇ, ತಪ್ಪಾಯ್ತು... ತಪ್ಪಾಯ್ತು..."

ಆಗಲೇ ವೀರೇಂದ್ರ ಬಂದ. ಅವನನ್ನು ಕಂಡದ್ದೇ ತಡ, ರಕ್ಷಿತಾಳ ಒಳಗಿದ್ದ ಭಯವೆಲ್ಲ ಕೋಪವಾಗಿ ಸಿಡಿಯಿತು.

"ಬನ್ನಿ, ನೋಡಿ! ನಿಮ್ಮ ಕಾಯಂ ಕೆಲಸಕ್ಕೋಸ್ಕರ ನಮ್ಮವ್ವನ ಕೈಲಿ ಪ್ರಸಾದಾನ ತಿಪ್ಪೆಗೆ ಹಾಕ್ಸಿದ್ರಿ! ಇನ್ನು ನಮ್ಮ ಬಾಗಿಲಿಗೆ ಬರ್ಬೇಡಿ!"

'ಗುರುತು ಹಾಕಿದ್ದು ನೀನಲ್ಲವಾ' ಎಂದು ಅವನು ಅನ್ನಬಹುದಿತ್ತು. ಅನ್ನಲಿಲ್ಲ. ತಿಪ್ಪೆಯನ್ನೇ ನೋಡಿದ. ತಲೆ ತಗ್ಗಿಸಿ ನಡೆದುಬಿಟ್ಟ. ಅವನು ಒಂದೇ ಒಂದು ಮಾತು ತಿರುಗಿಸಿ ಅಂದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ...

ಅಂಗಡಿ ಬಾಗಿಲು ಮುಚ್ಚಿತು. ಸೌಟು ಮುಟ್ಟುವಂತಿಲ್ಲ, ಪ್ಯಾಕೆಟ್ ಕೊಳ್ಳುವವರಿಲ್ಲ. ಚೊಂಬುಗಳೆಲ್ಲ ಬಸ್ ಸ್ಟ್ಯಾಂಡಿನ ಆಚೆಯ ಅಂಗಡಿಗೆ ಹೋದವು. ತಾಯಿ ಮಗಳ ಬದುಕು ನಿಂತದ್ದೇ ಆ ಸೌಟಿನ ಮೇಲೆ!

ಹದಿನೈದು ದಿನ ಕಳೆದಿರಬೇಕು. ಕೆಂಚಮ್ಮ ಬೇಲಿ ಮೇಲಿಂದ ಕೂಗಿದಳು. "ಆ ಚುಕ್ಕಿ ಹುಡ್ಗ ಬಂದಿದ್ದ ಕಣಮ್ಮಿ! ಚಪ್ಲಿ ಬುಟ್ಟು ಒಳಗ್ ಬಂದು, 'ಅಮ್ಮಾ, ನಂಗೆ ಬೇಜಾರಾಗಲ್ಲ, ನಿಜ ಹೇಳಿ' ಅಂದ. ಹೇಳ್ಬುಟ್ಟೆ. ಎಲ್ಲಾರ ಮನೆಗೂ ಹೊಯ್ತಾವ್ನಂತೆ. ನಿಮ್ಮನೆಗೆ ಬರ್ನಿಲ್ವಾ?"

ರಕ್ಷಿತಾ ಬೇಲಿಯಿಂದ ಹಿಂದೆ ಸರಿದಳು. 'ನನ್ನ ಸುಳ್ಳು ಗುರುತುಗಳನ್ನು ಎಣಿಸುತ್ತಿದ್ದಾನೆ... ಇನ್ನು ಅವ್ವನಿಗೆ ಗೊತ್ತಾಗುತ್ತದೆ. ಅವನ ಕಣ್ಣಲ್ಲಂತೂ ನಾನು ಮೋಸಗಾತಿ!' ದೇವರ ಮುಂದೆ ಕೂತರೂ ಕಣ್ಣು ಮುಚ್ಚಲಾಗಲಿಲ್ಲ. ಮುಚ್ಚಿದರೆ ಕೆಂಪು ಚುಕ್ಕಿಗಳೇ.

ಶಿವರಾತ್ರಿ ಬಂತು. ಸಂಜೆ, ತಾಯಿ ಬಿಲ್ವಪತ್ರೆ ಆಯುತ್ತಿದ್ದಳು. ಉಪವಾಸವಿದ್ದ ರಕ್ಷಿತಾ ಬಾಗಿಲಿಗೆ ನೀರು ಹಾಕುತ್ತಿದ್ದಳು. ತಲೆ ಎತ್ತಿದರೆ, ಅವನು! ಹೆಗಲಲ್ಲಿ ಬಟ್ಟೆ ಚೀಲ. ಈ ಸಲ ಮೊದಲು ಕೈ ಮುಗಿದ.

"ಅಮ್ಮಾ, ನೂರು ಮನೇನೂ ತಿರುಗಿ ಕೇಳಿದೆ. ನಿಜವಾಗ್ಲೂ ಕೊಳ್ಳೋರು ಹನ್ನೊಂದೇ ಮನೆ. ಉಳಿದೋರಿಗೆ ಕೊಸರು ಬೇಕು, ಚುಕ್ಕಿ ಬೇಡ. ಹಂಗೇ ಬರ್ದು ಕೊಟ್ಬುಟ್ಟೆ. ನಿಮ್ಮ ಕರಾರು ರದ್ದಾಯ್ತು. ನಾಳೆಯಿಂದ ಸೌಟಲ್ಲೇ ಹಾಕಿ."

"ನಿನ್ನ ಕೆಲ್ಸ ಏನಾಯ್ತು ಮಗಾ?"

"ಸರ್ವೆಯಿಂದ ತೆಗೆದ್ರು. ಮೆಷಿನ್ ಮುಂದೆ ನಿಲ್ಸವ್ರೆ. ಕಾಯಂ ಇಲ್ಲ."

ರಕ್ಷಿತಾ ಬಿಂದಿಗೆ ಹಿಡಿದೇ ಮುಂದೆ ಬಂದಳು. "ಸುಳ್ಳು ಗುರುತು ಯಾರು ಹಾಕಿದ್ದು ಅಂತ... ಕೇಳ್ಲಿಲ್ವಾ?"

"ಕೇಳಿದ್ರು. ನಾನೇ ಅಂದೆ."

ಕೈಲಿದ್ದ ಬಿಂದಿಗೆ ಜಾರಿತು. ಇನ್ನು ತಡೆಯಲಾಗಲಿಲ್ಲ.

"ಅಲ್ಲ! ಅವ್ವಾ... ಗುರುತು ಹಾಕಿದ್ದು ನಾನು. ಅವರ್ಯಾರೂ ಕೊಳ್ಳಲ್ಲ ಅಂತ ನಂಗೆ ಗೊತ್ತಿತ್ತು. ಇವ್ರ ಕೆಲಸ ಕಾಯಂ ಆಗ್ಲಿ ಅಂತ... ನಿನ್ನ ಮೊಸರು ತಿಪ್ಪೆಗೆ ಹೋಗಿದ್ದು ನನ್ನಿಂದ ಅವ್ವಾ!"

ಬಸವಲಿಂಗಮ್ಮ ಒಂದು ಎಸಳು ಆಯ್ದಳು, ಇನ್ನೊಂದು ಆಯ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹನುಮಂತಿ 'ತಗೊಳಣ' ಅಂದ್ರೆ ಯಾವತ್ತು ತಗಂಡವ್ಳೆ? ಅಷ್ಟೂ ತಿಳೀದೆ ಸಹಿ ಹಾಕಿದ್ನೇನೆ ನಾನು? ನಿನ್ನ ಮಕ ನೋಡ್ಕಂಡು ಹಾಕ್ದೆ. ಇವತ್ತು ಶಿವನ ಮುಂದೆ ಇಬ್ರೂ ಅಡ್ಡಬೀಳಣ, ಬಾ ಆಮೇಲೆ," ಎಂದು ಪತ್ರೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಹೊಸ್ತಿಲ ಆಚೆ ಅವನು, ಈಚೆ ಅವಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನಾನೇ. ಹನುಮಂತಮ್ಮನ ಮನೇಲಿ ನಿಮ್ಮ ಪೆನ್ನು ನಿಂತಿತ್ತಲ್ಲ... ಆವಾಗ್ಲೆ."

"ಮತ್ಯಾಕೆ ಹೇಳ್ಲಿಲ್ಲ?"

"ನೀವ್ಯಾಕೆ ಹೇಳ್ಲಿಲ್ವೋ, ಅದ್ಕೇ."

ದೇವಸ್ಥಾನದ ಗಂಟೆ ಕೇಳಿಸಿತು. ಅವಳು ಕಣ್ಣೀರಿನಲ್ಲೇ ನಕ್ಕಳು.

"ನಮ್ಮ ಡಬ್ಬಿ ಎಲ್ಲಿ?"

"ಖಾಲಿ ಡಬ್ಬಿ ಕೊಡಬಾರ್ದು ಅಂತ ಅವ್ವ ಇಷ್ಟು ದಿನ ತಡೆದಿದ್ಳು."

"ಅವ್ವ ಎಲ್ಲವ್ರೆ?"

"ದೇವಸ್ಥಾನದ ಜಗಲಿ ಮೇಲೆ ಕೂತವ್ಳೆ. ನೀವು ಡಬ್ಬಿ ಇಸ್ಕಂಡ್ರೆ ಕರಿತೀನಿ ಅಂದಿದ್ದೆ."

ರಕ್ಷಿತಾ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಎರಡನ್ನೂ ಚಾಚಿದಳು.

ವೀರೇಂದ್ರ ಚೀಲದಿಂದ ಡಬ್ಬಿ ತೆಗೆದ. ಮುಚ್ಚಳ ಕೂರದಷ್ಟು ತಂಬಿಟ್ಟು. ಎಲ್ಲಕ್ಕಿಂತ ಮೇಲೆ ಇನ್ನೊಂದು ಉಂಡೆ, ಬೀಳದಂತೆ ಬಿಳಿ ಬಟ್ಟೆಯಲ್ಲಿ ಬಿಗಿದು ಕಟ್ಟಿತ್ತು.

"ಮೇಲಿಂದು?"

"ಕೊಸರು," ಎಂದು, ಸದ್ದಾಗದಂತೆ ಡಬ್ಬಿಯನ್ನು ಅವಳ ಕೈಗಿಟ್ಟ.