ಅಜ್ಜಿಯ ಬೋರ್ಡು

“ಕೂತೇ ಬಿಡ್ತು!” ಅಂತ ಬಿರುಗಾಳಿ ಕಿರುಚಿದ ರಭಸಕ್ಕೆ ಮೂರು ಬೀದಿಯಾಚೆ ಮಲಗಿದ್ದ ಬೆಕ್ಕುಗಳೆಲ್ಲ ಒಂದು ಮೊಳ ಮೇಲೆ ಹಾರಿ ಬಿದ್ದವು.

ಬಿರುಗಾಳಿ ಅಂದರೆ ಮನೆಯವರು ಈ ಶಾಲೆ ಹುಡುಗಿಗಿಟ್ಟ ಅಡ್ಡಹೆಸರು. ಎದುರಿಗಿದ್ದದ್ದು ಅಜ್ಜನ ಹಳೇ ಕಂಪ್ಯೂಟರ್. ಬೀರುವಿನಷ್ಟು ದೊಡ್ಡದು. ಅದನ್ನು ಒಳಗೆ ತರುವಾಗ ಮನೆಯೇ ಅರ್ಧ ಅಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತ್ತು!

ಅದರ ಮೆಮೊರಿ ಬೋರ್ಡು ಕೆಟ್ಟಿತ್ತು. ಕಪಾಟಿನಲ್ಲಿ ಸಿಕ್ಕ ಇನ್ನೊಂದನ್ನು ಅವಳು ಖಾಲಿ ಸ್ಲಾಟಿಗೆ ತಳ್ಳಿದ್ದಳು. ಸಂಜೆ ಅವಳ ಕ್ಲಾಸಿನ ಮಕ್ಕಳು ನೋಡಲು ಬರುವವರಿದ್ದರು. ‘ಓಡಿಸಿ ತೋರಿಸ್ತೀನಿ’ ಅಂತ ಜಂಬ ಕೊಚ್ಚಿಕೊಂಡಾಗಿತ್ತು. ಕೈ ಸ್ವಿಚ್ಚಿಗೆ ಹೋಯಿತು.

“ಬೇಡ ಪುಟ್ಟೀ!” ಅಜ್ಜ ಬಾಗಿಲಿಂದ ಹಾರಿಬಂದು ಕೈ ಹಿಡಿದರು. ಮಂಡಿನೋವಿನ ಅಜ್ಜ ಹಾರಿದ್ದನ್ನು ನೋಡಿದ್ದರೆ ಜಿಂಕೆಗಳು ನಾಚಿಕೊಳ್ಳುತ್ತಿದ್ದವು.

“ಯಾಕಜ್ಜಾ? ಸರಿಯಾಗೇ ಕೂತಿದೆಯಲ್ಲ!”

“ಕೂತಿದೆ. ಆದ್ರೆ ಇದು ಬೇರೆ ಕಂಪನಿ ಮಷೀನಿಂದು. ಒಳಗೆ ಸುದ್ದಿ ಸಾಗಿಸೋ ತಂತಿಗಳ ಸಾಲಿಗೆ ಬಸ್ ಅಂತಾರೆ. ಒಂದೊಂದು ಕಂಪನಿ ತಂತಿಗಳನ್ನ ಒಂದೊಂದು ಥರ ಜೋಡಿಸಿರುತ್ತೆ. ಈ ಬೋರ್ಡು ಸುದ್ದಿಗೆ ಕಾಯ್ತಿರೋ ಜಾಗಕ್ಕೆ ನಮ್ಮ ಮಷೀನು ಜೋರು ಕರೆಂಟ್ ಬಿಡುತ್ತೆ. ಸುಟ್ಟೇ ಹೋಗುತ್ತೆ.”

“ಸುಟ್ರೆ ಇನ್ನೊಂದು ತಂದ್ರಾಯ್ತು!”

ಅಜ್ಜ ಬೋರ್ಡನ್ನು ಮೆಲ್ಲಗೆ ಎಳೆದು ಅಂಗೈ ಮೇಲಿಟ್ಟುಕೊಂಡರು. ಸಾಸಿವೆಯಂಥ ಉಂಗುರಗಳು, ಕೂದಲಂಥ ತಂತಿಗಳು.

“ಇದು ನಿಮ್ಮಜ್ಜಿ ಆಫೀಸಿನ ಮಷೀನಿಂದು. ಅವಳು ಕೊನೇ ಸಲ ಬರೆದ ಪ್ರೋಗ್ರಾಂ ಇದರೊಳಗೇ ಇದೆ. ಕರೆಂಟ್ ಹೋದ್ರೂ ಈ ಅಯಸ್ಕಾಂತದ ಉಂಗುರಗಳು ಮರೆಯಲ್ಲ. ಏನು ಬರೆದಿದ್ಲೋ, ನಂಗೂ ಹೇಳ್ಲಿಲ್ಲ, ಕಳ್ಳಿ!”

ಬಿರುಗಾಳಿ ಅಜ್ಜಿಯನ್ನು ಫೋಟೋದಲ್ಲಷ್ಟೇ ನೋಡಿದ್ದಳು. ಇನ್ನೂ ಸ್ವಿಚ್ಚಿನ ಬಳಿಯೇ ಇದ್ದ ಬೆರಳು ತಾನಾಗಿ ಹಿಂದೆ ಬಂತು.

“ಮತ್ತೆ ಓದೋದು ಹೇಗಜ್ಜಾ?”

“ಒಂದೊಂದೇ ತಂತಿ ಪತ್ತೆಮಾಡಿ, ಮಷೀನಿಗೂ ಇದಕ್ಕೂ ನಡುವೆ ಹೊಂದಿಸೋ ಒಂದು ಹೊಸ ಬೋರ್ಡು ಮಾಡ್ಬೇಕು. ಅವಸರ ಮಾಡೋ ಹಾಗಿಲ್ಲ.”

ಸಂಜೆ ಕ್ಲಾಸಿನ ದಂಡು ಬಂತು. ನೆಲ ನಡುಗಿತು, ಕಿಟಕಿಗಳು ಕಣ್ಮುಚ್ಚಿಕೊಂಡವು.

“ಓಡ್ತಿಲ್ವೇನೇ? ಬರೀ ಡಬ್ಬ!” ಅಂದಳು ಎರಡು ಜಡೆಯ ಗೆಳತಿ. “ನೀನು ಬಿಟ್ಟಿದ್ದೆಲ್ಲ ಬುರುಡೆ!”

ಬಿರುಗಾಳಿಯ ಕಿವಿ ಎಷ್ಟು ಬಿಸಿಯಾಯಿತೆಂದರೆ ಅದರ ಮೇಲೆ ಹಾಲು ಕಾಯಿಸಬಹುದಿತ್ತು.

“ಈ ಬೋರ್ಡು ಹಾಕಿ ನೋಡೇ. ಕೂತ್ಕೊಳ್ಳಲ್ವಾ?” ಎರಡು ಜಡೆಯವಳು ಮೇಜಿನ ಮೇಲಿದ್ದ ಬೋರ್ಡಿನತ್ತ ಕೈ ಚಾಚಿದಳು.

ಬಿರುಗಾಳಿ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಹಿಡಿದುಕೊಂಡಳು.

“ಕೂತ್ಕೊಳ್ಳುತ್ತೆ. ಆದ್ರೆ ಇಬ್ಬರಿಗೂ ಇನ್ನೂ ಪರಿಚಯ ಆಗಿಲ್ಲ.”

ದಂಡು ನಗುತ್ತಾ ಹೊರಟುಹೋಯಿತು. ಅಜ್ಜ ಕನ್ನಡಕ ಏರಿಸಿ, ಮುಟ್ಟಿದ ಎರಡು ತುದಿಯೂ ಒಂದೇ ತಂತಿಯದಾದರೆ ಕೂಗುವ ಟೆಸ್ಟರಿನ ಒಂದು ಕಡ್ಡಿ ಹಿಡಿದರು. ಇನ್ನೊಂದನ್ನು ಬಿರುಗಾಳಿ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಮೊದಲ ತಂತಿಗೆ ಮೆಲ್ಲಗೆ ತಾಗಿಸಿದಳು. ಮಲಗಿದ ಮಗುವಿನ ಕೆನ್ನೆಯನ್ನೂ ಯಾರೂ ಅಷ್ಟು ಮೆಲ್ಲಗೆ ಮುಟ್ಟಿರಲಿಕ್ಕಿಲ್ಲ.

“ಪೀಂ,” ಅಂದಿತು ಟೆಸ್ಟರು.

“ಅಜ್ಜಾ,” ಅಂದಳು ಪಿಸುದನಿಯಲ್ಲಿ, “ಮುಂದಿನದು ಯಾವುದು?”